ಹಸಿದ ಹುಲ್ಲು

ಐರ್ಲೆಂಡಿನ ನಮ್ಮ ಪಡುವಣ ಕರಾವಳಿಯಲ್ಲಿ ಬೆಟ್ಟ ಹತ್ತುವವರು ಜೇಬಿನಲ್ಲಿ ಒಂದು ಚೂರು ಬ್ರೆಡ್ಡು ಉಳಿಸಿಕೊಂಡಿರಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ಆಲೂಗಡ್ಡೆ ಕೊಳೆತ ಬರಗಾಲದಲ್ಲಿ ಹಸಿದು ಸತ್ತವರು ಬಿದ್ದ ಜಾಗದ ಹುಲ್ಲನ್ನು ತುಳಿದರೆ, ಅವರ ಹಸಿವು ನಮಗೆ ಹತ್ತಿಕೊಳ್ಳುತ್ತದಂತೆ; ಜೇಬಿನ ಚೂರು ತಿಂದರಷ್ಟೇ ಬಿಡುತ್ತದಂತೆ.

ಅಂದು ಮಧ್ಯಾಹ್ನ ನಾನೂ ಗೆಳತಿ ನೂಲಾಳೂ ಸೈಕಲ್ಲುಗಳನ್ನು ಕಡಲಂಚಿನ ಕಲ್ಲುಗೋಡೆಗೆ ಒರಗಿಸಿ ಬೆಟ್ಟ ಹತ್ತಿದೆವು. ನನ್ನ ಜೇಬಿನ ಚೂರನ್ನು ಅವಳು ಕಿತ್ತುಕೊಂಡು ಕಡಲಹಕ್ಕಿಗೆ ಎಸೆದಳು.

"ಲೇ ಅಜ್ಜಿಮುದ್ದು, ಈ ಒಣಕಲನ್ನ ಇನ್ನೂ ಎಷ್ಟ್ ದಿನ ಹೊತ್ಕೊಂಡ್ ತಿರುಗ್ತೀಯೇ?"

ಮೇಲೆ ಗಾಳಿ ಕೊರೆಯುತ್ತಿತ್ತು. ಒಂದು ಕಡೆ ಮಾತ್ರ, ಕೈಯಿಟ್ಟರೆ ಹುಲ್ಲು ಉಸಿರಿನಂತೆ ಬೆಚ್ಚಗಿತ್ತು. ಕೊಳೆತ ಆಲೂಗಡ್ಡೆಯ ನಾತ ಹೊಡೆಯಿತು. ನೂಲಾ ಅದರ ಮೇಲೆ ಕಾಲಿಟ್ಟಳು.

"ಹೊಟ್ಟೆ ಹಸೀತಿದೆ ಕಣೇ," ಎಂದವಳೇ ಮೊಣಕಾಲೂರಿ, ಕುರಿಹಿಕ್ಕೆ ಸಮೇತ ಹುಲ್ಲನ್ನು ಬಾಯಿಂದಲೇ ಕಿತ್ತು ತಿನ್ನತೊಡಗಿದಳು.

"ಥೂ, ಉಗುಳೇ! ಸತ್ತೋಗ್ತೀಯಾ!"

"ಇನ್ನೊಂಚೂರು ಕಣೇ..." ಅವಳ ಗಲ್ಲದಿಂದ ಹಸಿರು ಲೋಳೆ ಇಳಿಯುತ್ತಿತ್ತು.

ಕಾಲು ಹಿಡಿದು ಆಚೆಗೆಳೆದು, ಗಂಟಲಿಗೆ ಬೆರಳು ಹಾಕಿ ಕಕ್ಕಿಸಿದೆ. ಅವಳು ಕಕ್ಕಿದ ಲೋಳೆಯಲ್ಲಿ ಪುಟ್ಟದೊಂದು ಹಾಲುಹಲ್ಲು ಇತ್ತು.

ನೂಲಾಳ ಬಾಯಿ ತೆರೆಸಿ ಎರಡು ಸಲ ಎಣಿಸಿದೆ. ಅವಳ ಹಲ್ಲು ಒಂದೂ ಬಿದ್ದಿರಲಿಲ್ಲ.