ಆಮೆಯನ್ನು ಇಪ್ಪತ್ತು ಸಲ ಕೇಳಿದವನು

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹವಳದುರ್ಗ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಸೋವಿದೇವ ಎಂಬ ಯುವಕನಿದ್ದ. ಅವನ ಹತ್ತಿರ ಒಂದು ಮಾಯದ ಆಮೆಯಿತ್ತು.

ಆಮೆಯ ಚಿಪ್ಪಿನ ಮೇಲೆ ಸಾಲಾಗಿ ನೂರು ಚೌಕಗಳು. ಊರಿನ ಮನೆಗಳೂ ನೂರು. ಮನೆಗೊಂದು ಚೌಕ, ಚೌಕಕ್ಕೆ ಎರಡು ಬೀಜ: 'ಇದು' ಆ ಮನೆಗೆ ಹೊಂದುತ್ತದೋ ಎಂಬುದಕ್ಕೊಂದು, 'ಅದು' ಹೊಂದುತ್ತದೋ ಎಂಬುದಕ್ಕೊಂದು. ಹೌದಾದರೆ ಕೆಂಪು ಗುಲಗಂಜಿ, ಅಲ್ಲವಾದರೆ ಬಿಳಿ ಅವರೆ. ಆಮೇಲೆ ಅದರ ಮೂಗನ್ನು ಮೂರು ಸಲ ತಟ್ಟಿ, "ಇದಕ್ಕೂ ಅದಕ್ಕೂ ಸಂಬಂಧ ಉಂಟೋ?" ಎಂದು ಕೇಳಬೇಕು. ಆಮೆ ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿ, "ಉಂಟು" ಅಥವಾ "ಇಲ್ಲ" ಎನ್ನುತ್ತಿತ್ತು. ಒಂದು ಬೀಜ ಓರೆಯಾಗಿದ್ದರೂ ಸಾಕು, ತಲೆಯನ್ನು ಒಳಗೆ ಎಳೆದುಕೊಂಡುಬಿಡುತ್ತಿತ್ತು. ಯಾವ ಬೀಜ, ಏನು ತಪ್ಪು ಎಂದು ಹೇಳುತ್ತಲೂ ಇರಲಿಲ್ಲ. ಸೋವಿದೇವ ಬಯ್ಯುತ್ತ ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುತ್ತಿದ್ದ. ಅದರಲ್ಲೂ ಅವನಿಗೆ ಒಂದು ಸುಖವಿತ್ತು.

ಆಮೆ ಮೊದಲ ದಿನವೇ ಅವನಿಗೆ ಒಂದು ಮಾತು ಹೇಳಿತ್ತು: "ನೋಡಪ್ಪ, ಸಂಬಂಧವೇ ಇಲ್ಲದ ಕಡೆಯೂ ಇಪ್ಪತ್ತರಲ್ಲಿ ಒಂದು ಸಲ ಬಾಯಿತಪ್ಪಿ 'ಉಂಟು' ಅಂದುಬಿಡ್ತೀನಿ. ನನ್ನ ಹುಟ್ಟೇ ಹಾಗೆ. ಒಂದು ವಿಷಯ ಒಂದೇ ಸಲ ಕೇಳು. ಎಷ್ಟು ಸಲ ಕೇಳಿದೆ ಅಂತ ನಾಲ್ಕು ಜನಕ್ಕೆ ಹೇಳು."

ಸೋವಿದೇವ ಸಿಕ್ಕಿದ್ದನ್ನೆಲ್ಲ ಎಣಿಸಿದ. ಯಾವ ಮನೆಯವರು ಯಾವ ಮಾರುವವನಿಂದ ಏನು ಕೊಂಡರು, ಯಾರ ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಯಾರು ಎಷ್ಟು ಸಲ ಸೀನಿದರು, ಎಲ್ಲಕ್ಕೂ ಅವನ ಅಟ್ಟದಲ್ಲಿ ಒಂದೊಂದು ಮಡಕೆ ಬೀಜವಿತ್ತು. ಮದುವೆಮನೆಗೆ ಹೋದರೆ ಪಕ್ಕದ ಎಲೆಯವರಿಗೆ ಪಾಯಸ ಬರುವ ತನಕ ಆಮೆಯ ಪುರಾಣ. ಅವನು ಬಂದನೆಂದರೆ ಜನ ಎಲೆ ಬಿಟ್ಟು ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ಆದರೂ ಒಂದು ಸಂದೇಹ ಬಂದರೆ ಅರಮನೆಯಿಂದ ಕರೆ ಬರುತ್ತಿದ್ದುದು ಅವನಿಗೇ. ರಾಜ ಉದ್ದಂಡರಾಯ "ನಮ್ಮ ಸೋವಿದೇವ" ಎನ್ನುತ್ತಿದ್ದ. ಆ "ನಮ್ಮ" ಎಂಬ ಒಂದು ಮಾತಿಗೆ ಅವನು ವಾರಗಟ್ಟಲೆ ಹಿಗ್ಗುತ್ತಿದ್ದ.

ಹೀಗಿರುವಾಗ ಕೇತಲೆ ಎಂಬ ಹುಡುಗಿ ಊರಿಗೆ ಬಂದಳು. ಅವಳ ಭುಜದ ಮೇಲೆ ಒಂದು ಬಂಗಾರದ ಜೇಡ. ಬೀಜಗಳನ್ನು ಅದರ ಮುಂದೆ ಸುರಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಏಳು ಬಣ್ಣದ ಬಲೆ ನೇಯುತ್ತಿತ್ತು. ಎಲ್ಲಿ ಏನು ಹೆಚ್ಚು, ಎಲ್ಲಿ ಏನು ಕಡಿಮೆ ಎಂದು ಬಲೆ ನೋಡಿದರೆ ಹಾಲುಗಲ್ಲದ ಮಗುವಿಗೂ ತಿಳಿಯುತ್ತಿತ್ತು. ರಾಜ ಆ ಬಲೆ ನೋಡಿ ಸಿಂಹಾಸನದಿಂದ ಎದ್ದೇ ನಿಂತ. "ನಮ್ಮ ಕೇತಲೆ!" ಎಂದ.

ಸೋವಿದೇವನ ಹೊಟ್ಟೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಅರೆದಂತಾಯಿತು. ಅವನು ಮನೆಗೆ ಬಂದು ಆಮೆಯನ್ನು ನೋಡಿದ. ಆಮೆ ಸೊಪ್ಪು ಮೆಲ್ಲುತ್ತಿತ್ತು. ನಿನ್ನೆಯವರೆಗೆ ಎಷ್ಟು ಚೆಂದವಿತ್ತು, ಇವತ್ತು ಯಾಕಿಷ್ಟು ಮಂಕಾಗಿ ಕಾಣುತ್ತಿದೆ ಎಂದು ಅವನಿಗೆ ಅಳುವೇ ಬಂತು. ಆ ಜೇಡ ತನಗೆ ಬೇಕಿತ್ತು. ತನಗೆ ಸಿಗದಿದ್ದರೆ ಅವಳ ಹತ್ತಿರವೂ ಇರಬಾರದಿತ್ತು.

ಅದೇ ತಿಂಗಳು ಊರಿಗೆ ಕೇಡು ತಟ್ಟಿತು. ದಿನಕ್ಕೊಬ್ಬರಂತೆ ಜನ ಕಲ್ಲಾಗತೊಡಗಿದರು. ನೀರು ಸೇದುತ್ತಿದ್ದವಳು ಹಗ್ಗ ಹಿಡಿದಂತೆಯೇ ಕಲ್ಲಾದಳು. ನಗುತ್ತಿದ್ದ ಕಮ್ಮಾರ ಬಾಯಿ ತೆರೆದಂತೆಯೇ ಕಲ್ಲಾದ. ಇದು ಧೂಮ್ರಮುಖನೆಂಬ ಮಾಂತ್ರಿಕನ ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು. ಅವನು ಯಾವ ವೇಷದಲ್ಲಿದ್ದಾನೆ, ಹೇಗೆ ಮಾಡುತ್ತಾನೆ ಎಂಬುದು ಮಾತ್ರ ಯಾರಿಗೂ ತಿಳಿಯದು. ಕಾರಣ ಕಂಡುಹಿಡಿದವರ ಕೈಗೆ ತನ್ನ ಕೈಯಾರೆ ವಜ್ರದ ಕಡಗ ತೊಡಿಸುವುದಾಗಿ ರಾಜ ಡಂಗುರ ಸಾರಿಸಿದ.

ಕೇತಲೆ ಸೋವಿದೇವನ ಬಾಗಿಲಿಗೆ ಬಂದಳು.

"ಸೋವಿದೇವಣ್ಣ, ಯಾರು ಯಾವ ದಾರೀಲಿ ಹೋದರು, ಯಾವ ಮರದಡಿ ನಿಂತರು ಅನ್ನೋದನ್ನೆಲ್ಲ ನಾನು ಕೋಟೆ ಮೇಲೆ ಕೂತು ಎಣಿಸಿದೀನಿ. ಯಾರು ಏನು ಕೊಂಡರು, ಏನು ತಿಂದರು ಅನ್ನೋದು ನಿಮ್ಮ ಅಟ್ಟದಲ್ಲಿದೆಯಂತೆ. ಎರಡನ್ನೂ ಕೂಡಿಸೋಣ, ಕೊಡ್ತೀರಾ?"

"ನನ್ನ ಬೀಜ ನಿನಗ್ಯಾಕಮ್ಮ ಕೊಡಲಿ? ನಾಲ್ಕು ವರ್ಷ ಬೆನ್ನು ಮುರಿದು ಎಣಿಸಿದವನು ನಾನು, ಬಲೆ ನೇಯ್ದು ಮೆರೆಯೋಳು ನೀನಾ?" ಎಂದು ಸೋವಿದೇವ ಬಾಗಿಲು ಹಾಕಿಕೊಂಡ.

ಆಮೇಲೆ ಆಮೆಯನ್ನು ಮುಂದಿಟ್ಟುಕೊಂಡ. ಕಾರಣ ಯಾವುದೆಂದು ಅವನು ಹುಡುಕಲಿಲ್ಲ. ಕಾರಣ ಕೇತಲೆಯೇ ಆಗಿರಬೇಕೆಂದು ಅವನ ಹೊಟ್ಟೆ ಆಗಲೇ ತೀರ್ಮಾನಿಸಿತ್ತು.

"ಕಲ್ಲಾದವರಿಗೂ ಕೇತಲೆಯ ಜೊತೆ ಮಾತಾಡಿದವರಿಗೂ ಸಂಬಂಧ ಉಂಟೋ?"

"ಇಲ್ಲ," ಎಂದಿತು ಆಮೆ.

"ಅವಳ ಬೀದಿಯಲ್ಲಿ ಓಡಾಡಿದವರಿಗೆ?"

"ಇಲ್ಲ."

"ಅವಳ ಜೇಡವನ್ನು ನೋಡಿದವರಿಗೆ?"

"ಇಲ್ಲ."

ಬೆಳಗಿನಿಂದ ಸಂಜೆಯವರೆಗೆ ಕೇಳಿದ. ಹೆಂಗಸರನ್ನು ಬಿಟ್ಟು ಕೇಳಿದ, ಮುದುಕರನ್ನು ಬಿಟ್ಟು ಕೇಳಿದ, ಸೋಮವಾರವನ್ನು ತೆಗೆದು ಕೇಳಿದ. ಹತ್ತೊಂಬತ್ತು ಸಲ ಕೇಳಿದ, ಹತ್ತೊಂಬತ್ತು ಸಲವೂ ಆಮೆ ಇಲ್ಲವೆಂದಿತು. ಇಪ್ಪತ್ತನೆಯ ಸಲ, "ಬುಧವಾರ ಅವಳ ಮನೆಯ ಮುಂದೆ ಹಾದುಹೋದ, ಒಂದೇ ಹಸು ಇರುವ, ಎಡಚರಿಗೆ?" ಎಂದ.

ಆಮೆ ಕಣ್ಣು ತೆರೆಯಿತು. "ಉಂಟು," ಎಂದಿತು. ಆಮೇಲೆ ಮೆಲ್ಲಗೆ, "ಸೋವಿದೇವಾ, ಇದು ಇಪ್ಪತ್ತನೆಯದು ಕಣಪ್ಪ," ಎಂದಿತು.

"ಗೊತ್ತು, ಬಾಯಿ ಮುಚ್ಚು!" ಎಂದು ಸೋವಿದೇವ, ಜನ ಕಲ್ಲಾಗಲು ಕೇತಲೆಯೇ ಕಾರಣವೆಂದು ದೂರಲು ಅರಮನೆಗೆ ಓಡಿದ.

ಹವಳದುರ್ಗದಲ್ಲಿ ಒಂದು ಕಟ್ಟಳೆಯಿತ್ತು. ದೂರು ಹೊತ್ತು ಬಂದವನು ಅದನ್ನು ಮೂರು ಸಲ ನುಡಿಯಬೇಕು. ಮೊದಲು ರಾಜನ ಮುಂದೆ, ಆಮೇಲೆ ದೂರಿಗೆ ಒಳಗಾದವರ ಮುಂದೆ, ಕೊನೆಗೆ ಕೋಟೆಯ ಕಂದಕದ ದಡದಲ್ಲಿ. ಆ ಕಂದಕದಲ್ಲಿ ಎರಡು ತಲೆಯ ಮೊಸಳೆಯಿತ್ತು. ದೂರು ನಿಜವಾದರೆ ತಪ್ಪಿತಸ್ಥ ಮೊಸಳೆಯ ಪಾಲು. ಸುಳ್ಳಾದರೆ ದೂರಿದವನು.

"ಆಮೆಯನ್ನು ಎಷ್ಟು ಸಲ ಕೇಳಿದೆ?" ಎಂದ ರಾಜ, ಬರೀ ವಾಡಿಕೆಗೆ.

"ಒಂದೇ ಸಲ, ಮಹಾಪ್ರಭು."

ಭಟರು ಕೇತಲೆಯನ್ನು ಹಿಡಿದು ತಂದರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಸೋವಿದೇವನ ಮುಖವನ್ನೇ ನೋಡುತ್ತ, "ಎಷ್ಟು ಸಲ ಕೇಳಿದಿರಿ ಅಣ್ಣ?" ಎಂದಳು. ಊರಿನಲ್ಲಿ ಈ ಪ್ರಶ್ನೆಯ ತೂಕ ಗೊತ್ತಿದ್ದವರು ಅವರಿಬ್ಬರೇ.

"ಒಂದೇ ಸಲ," ಎಂದ ಸೋವಿದೇವ.

ಮಾರನೆಯ ದಿನ ನಡುಮಧ್ಯಾಹ್ನಕ್ಕೆ ಕಂದಕ ಎಂದು ತೀರ್ಪಾಯಿತು. ಕೇತಲೆ ಸೆರೆಮನೆ ಸೇರಿದಳು.

ಮರುದಿನ ಬೆಳಗಾಗುತ್ತಲೇ ಸೋವಿದೇವ ಬಾಗಿಲು ತೆರೆದರೆ, ಪಕ್ಕದ ಮನೆಯ ಪುಟ್ಟವ್ವಜ್ಜಿ ಜಗುಲಿಯ ಮೇಲೆ ಕಲ್ಲಾಗಿ ನಿಂತಿದ್ದಳು. ದಿನವೂ ಅವನಿಗೆ ತರುತ್ತಿದ್ದ ರೊಟ್ಟಿ ಕೈಯಲ್ಲೇ ಇತ್ತು, ಇನ್ನೂ ಬಿಸಿಯಾಗಿತ್ತು. ಕೇತಲೆ ಸೆರೆಯಲ್ಲಿದ್ದಾಗಲೂ ಜನ ಕಲ್ಲಾಗುತ್ತಿದ್ದಾರೆ! ನಿಜ ಹೇಳಬೇಕೆಂದರೆ, ತನ್ನ ಉತ್ತರ ಸುಳ್ಳಾಯಿತಲ್ಲ ಎಂಬ ಸಿಟ್ಟೇ ಅವನಿಗೆ ಮೊದಲು ಬಂದದ್ದು. ಅಜ್ಜಿಗಾಗಿ ಅಳು ಬಂದದ್ದು ಆಮೇಲೆ. ಬಂದಾಗ ಮಾತ್ರ ಅದು ನಿಲ್ಲಲಿಲ್ಲ. ಅವನು ಅಟ್ಟದಿಂದ ಮಡಕೆಗಳನ್ನೆಲ್ಲ ಇಳಿಸಿ, ಗಾಡಿಗೆ ಹೇರಿ, ಸೆರೆಮನೆಗೆ ಹೊಡೆದ.

ಕಂಬಿಯ ಸಂದಿಯಿಂದ ಜೇಡ ಇಳಿದು ಬಂತು. ಅವನ ಬೀಜ, ಅವಳ ಸೆರಗಿನ ಗಂಟಿನಲ್ಲಿದ್ದ ಬೀಜ ಎರಡನ್ನೂ ಕೂಡಿಸಿ ಬಲೆ ನೇಯಿತು. ಜೇನು ಮಾರುವ ಮುದುಕನೊಬ್ಬ ಈಚೆಗೆ ಊರಿಗೆ ಬರುತ್ತಿದ್ದ. ಅವನ ಜೇನು ತಿಂದವರು ಎಪ್ಪತ್ತು ಮನೆಯವರು. ಬರಿ ಜೇನು ತಿಂದವರಿಗೆ ಏನೂ ಆಗಿರಲಿಲ್ಲ. ಮೂಡಣ ಬಾಗಿಲ ಹುಣಸೆಮರದಲ್ಲಿ ನೀಲಿ ಗೊರವಂಕವೊಂದು ಹಾಡುತ್ತಿತ್ತು. ಬರಿ ಹಾಡು ಕೇಳಿದವರಿಗೂ ಏನೂ ಆಗಿರಲಿಲ್ಲ. ಜೇನು ತಿಂದು, ಹಾಡನ್ನೂ ಕೇಳಿದವರು ಒಬ್ಬರನ್ನೂ ಬಿಡದೆ ಕಲ್ಲಾಗಿದ್ದರು.

"ಆ ಮುದುಕನೇ ಧೂಮ್ರಮುಖ!" ಎಂದಳು ಕೇತಲೆ. ಮೊಸಳೆಯ ಬಾಯಿಗೆ ಹೋಗಲಿರುವವಳು ಎಂಬುದನ್ನೇ ಮರೆತು ಚಪ್ಪಾಳೆ ತಟ್ಟಿದಳು. "ಓಡಿ ಅಣ್ಣ, ರಾಜರಿಗೆ ಹೇಳಿ!"

ಸೋವಿದೇವ ಓಡಿದ. ಅರ್ಧ ದಾರಿಯಲ್ಲಿ ಅವನ ಕಾಲು ತಾನಾಗಿ ನಿಧಾನವಾಯಿತು. ಈ ಗುಟ್ಟು ಈಗ ಇಬ್ಬರಿಗೇ ಗೊತ್ತು. ಮಧ್ಯಾಹ್ನ ಕಳೆದರೆ ಒಬ್ಬನಿಗೇ. ಅವಳ ಪಾಡಿಗೆ ಅವಳು ಹೋಗಲಿ, ನಾಳೆ ಜೇನಿನ ಮುದುಕನನ್ನು ಹಿಡಿದುಕೊಟ್ಟರಾಯಿತು. ಅವಳೂ ಆ ಮುದುಕನೂ ಸೇರಿಯೇ ಮಾಡಿದ್ದು ಎಂದರೆ ಜನ ನಂಬುತ್ತಾರೆ. ಕಡಗ ತನ್ನ ಕೈಗೆ. ಜೇಡ ತನ್ನ ಭುಜಕ್ಕೆ. "ನಮ್ಮ ಸೋವಿದೇವ" ಎಂಬ ಮಾತು ಮತ್ತೆ ತನ್ನ ಕಿವಿಗೆ. ಅವನಿಗೆ ಆಸೆಯಾಯಿತು. ಬಹಳ ಆಸೆಯಾಯಿತು. ಹುಣಸೆಮರದ ಹತ್ತಿರದ ಕಟ್ಟೆಯ ಮೇಲೆ ಕೂತೇಬಿಟ್ಟ, ಬಿಸಿಲು ನೆತ್ತಿಗೆ ಬರುವವರೆಗೆ ಏಳಲಿಲ್ಲ.

ಕಹಳೆ ಊದಿತು. ಕಂದಕದ ದಡದಲ್ಲಿ ಊರಿಗೆ ಊರೇ ಸೇರಿತ್ತು. ಒಂದು ಕಡೆ ಕೈ ಕಟ್ಟಿದ ಕೇತಲೆ, ಇನ್ನೊಂದು ಕಡೆ ಸೋವಿದೇವ. ನೀರಿನಲ್ಲಿ ಎರಡು ತಲೆಗಳು ಎದ್ದವು. ಕೇತಲೆ ಅವನತ್ತ ನೋಡಿ ಕಣ್ಣಲ್ಲೇ ಕೇಳಿದಳು: ಹೇಳಿದಿರಾ? ಇನ್ನೂ ಹೇಳಿಲ್ಲವೆಂದು ಅವನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು. ಅವಳ ಕಣ್ಣು ಆಗ ಮೊದಲ ಸಲ ತುಂಬಿತು. ಅವಳನ್ನು ಗೆದ್ದೆನೆಂದು ಅವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ನಾಚಿಕೆಯಾಯಿತು.

"ಮೂರನೆಯ ಸಲ ನುಡಿ," ಎಂದ ರಾಜ. "ಆಮೆಯನ್ನು ಎಷ್ಟು ಸಲ ಕೇಳಿದೆ?"

"ಇಪ್ಪತ್ತು ಸಲ," ಎಂದ ಸೋವಿದೇವ.

ಜನ ಹೋ ಎಂದರು.

"ಇಪ್ಪತ್ತು ಸಲ, ಮಹಾಪ್ರಭು. ಹತ್ತೊಂಬತ್ತು ಸಲ ಇಲ್ಲ ಅಂತು. ನನಗೆ ಬೇಕಾದ್ದು ಬರೋ ತನಕ ಕೇಳಿದೆ. ಅವಳ ಜೇಡ ನೋಡಿ ಹೊಟ್ಟೆ ಉರೀತಿತ್ತು, ಅದಕ್ಕೇ. ಜನರನ್ನ ಕಲ್ಲು ಮಾಡ್ತಿರೋದು ಜೇನು ಮಾರೋ ಮುದುಕ. ಅವನ ಜೇನು ತಿಂದು, ಹುಣಸೆಮರದ ಹಕ್ಕಿ ಹಾಡು ಕೇಳಿದವರು ಕಲ್ಲಾಗ್ತಾರೆ. ಕಂಡುಹಿಡಿದದ್ದು ಕೇತಲೆ."

ಆ ಕೊನೆಯ ಮಾತೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಆಮೇಲೆ ಕಣ್ಣು ಮುಚ್ಚಿ ಕಂದಕದ ಅಂಚಿಗೆ ಬಂದು ನಿಂತ.

ಮೊಸಳೆಯ ಎಡದ ತಲೆ ಬಾಯಿ ತೆರೆಯಿತು. ಬಲದ ತಲೆ ಅದನ್ನು ತಡೆಯಿತು. "ಸಿಕ್ಕಿಬಿದ್ದ ಸುಳ್ಳನಾದರೆ ರುಚಿ. ತಾನೇ ಒಪ್ಪಿಕೊಂಡವನು ಬರೀ ಕಹಿ, ನನಗೆ ಬೇಡ," ಎಂದಿತು. ಎರಡೂ ತಲೆಗಳು ಮುಳುಗಿದವು.

ಭಟರು ಜೇನಿನ ಮುದುಕನನ್ನು ಹುಣಸೆಮರದಡಿಗೆ ಎಳೆದು ತಂದರು. ಅವನ ಜೇನನ್ನು ಅವನ ಬಾಯಿಗೇ ಸುರಿದರು. ಗೊರವಂಕ ಹಾಡಿತು. ಧೂಮ್ರಮುಖ ಬಯ್ಯುತ್ತ ಬಯ್ಯುತ್ತಲೇ ಕಲ್ಲಾದ. ಅವನು ಕಲ್ಲಾದ ಕ್ಷಣಕ್ಕೆ ನೀರು ಸೇದುವವಳು ಹಗ್ಗ ಎಳೆದಳು, ಕಮ್ಮಾರ ಅರ್ಧಕ್ಕೆ ನಿಂತ ನಗುವನ್ನು ಪೂರ್ತಿ ನಕ್ಕ, ಪುಟ್ಟವ್ವಜ್ಜಿ "ರೊಟ್ಟಿ ಆರಿಹೋಯ್ತಲ್ಲೋ ಮಗಾ!" ಎಂದು ಸೋವಿದೇವನನ್ನು ಹುಡುಕಿಕೊಂಡು ಬಂದಳು.

ರಾಜ ಕೇತಲೆಯ ಕೈಗೆ ವಜ್ರದ ಕಡಗ ತೊಡಿಸಿದ. ಸಭೆ ಮುಗಿದ ಮೇಲೆ ಅವಳು ಸೋವಿದೇವನ ಹತ್ತಿರ ಬಂದಳು. "ಹೊಟ್ಟೆಕಿಚ್ಚು ಹೋಯಿತಾ ಅಣ್ಣ?" ಎಂದು ಕೇಳಿದಳು.

ಸೋವಿದೇವ ಕಡಗ ನೋಡಿದ. ಜೇಡ ನೋಡಿದ. "ಇಲ್ಲ," ಎಂದ.

"ಸದ್ಯ, ಈ ಸಲ ಮೊದಲನೇ ಕೇಳಿಕೆಗೇ ನಿಜ ಹೇಳಿದಿರಿ," ಎಂದು ಕೇತಲೆ ನಕ್ಕಳು. ಅವನಿಗೂ ನಗು ಬಂತು.

ಆಮೇಲೆ ಹವಳದುರ್ಗದಲ್ಲಿ ಯಾರೂ ಕಲ್ಲಾಗಲಿಲ್ಲ. ರಾಜ, ಪ್ರಜೆ, ಅಜ್ಜಿ, ಜೇಡ, ಆಮೆ ಎಲ್ಲರೂ ಉಂಡುಟ್ಟು ನೆಮ್ಮದಿಯಾಗಿ ಬಾಳಿದರು. ಆಗಾಗ ಹೊಟ್ಟೆ ಹಿಡಿದುಕೊಂಡು ಸೋವಿದೇವನೂ ಬಾಳಿದ.