ಏಳಕ್ಕಿಂತ ಸ್ವಲ್ಪ ಜಾಸ್ತಿ

ಡ್ರಾಯಿಂಗ್ ಮೇಷ್ಟ್ರು ದಿನದಿಂದ ದಿನಕ್ಕೆ ಹತ್ತಿರ ಬರುತ್ತಿದ್ದಾರೆ ಎಂಬುದು ಗಣಿತದ ಟೀಚರಿಗೆ ಮೂರನೇ ದಿನವೇ ಗೊತ್ತಾಯಿತು. ಮೊದಲ ದಿನ ತಮ್ಮ ಕೋಣೆಯ ಮುಂದೆ ನಿಂತಿದ್ದರು, ಮರುದಿನ ನಲ್ಲಿಯ ಬಳಿ, ಇವತ್ತು ನೋಟಿಸ್ ಬೋರ್ಡ್ ಹತ್ತಿರ. ಕೈಯಲ್ಲೊಂದು ಪುಟ್ಟ ಪುಸ್ತಕ, ಕಿವಿಯೆಲ್ಲ ಇವಳ ನಾಲ್ಕನೇ ಕ್ಲಾಸಿನ ಕಡೆಗೆ.

ಅವಳ ಅನುಮಾನಕ್ಕೆ ಕಾರಣವಿತ್ತು. ಭಾಗಾಕಾರ ಬರೆಸುವ ಮೊದಲು ಉತ್ತರವನ್ನು ಮನಸ್ಸಿನಲ್ಲೇ ಅಂದಾಜು ಮಾಡಿಸುವುದು ಅವಳ ಪದ್ಧತಿ. ನೋಟ್‌ಬುಕ್ ಖಾಲಿ ಎಂದು ಮಕ್ಕಳ ಅಪ್ಪ ಅಮ್ಮಂದಿರು ಗೊಣಗಿದ್ದರು. ಇನ್ನೊಂದು ದೂರು ಬಂದರೆ ಕ್ಲಾಸು ಬೇರೆಯವರಿಗೆ ಎಂದು ಹೆಡ್‌ಮಿಸ್ ಹೇಳಿಯಾಗಿತ್ತು. ಹಾಗಾದರೆ ವರದಿ ಬರೆಯಲು ಈ ಬಣ್ಣದ ಮನುಷ್ಯನನ್ನೇ ಛೂ ಬಿಟ್ಟಿದ್ದಾರೆ. ಇಷ್ಟು ದಿನ ಇವನ ನಗುವಿಗೆ ತಾನು ಒಳಗೊಳಗೇ ಕಾಯುತ್ತಿದ್ದೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಏಳನೇ ದಿನ ಅವರು ಅವಳ ಬಾಗಿಲ ಪಕ್ಕಕ್ಕೇ ಬಂದರು. ಎಂಟನೇ ದಿನವೂ ಅಲ್ಲೇ. ಒಳಗೆ ಅವಳು 415ನ್ನು 7ರಿಂದ ಭಾಗಿಸಿದರೆ ಎಷ್ಟಾಗಬಹುದು ಎಂದು ಕೇಳಿದಳು. 420 ಅಂದುಕೊಂಡು, ಅರವತ್ತಕ್ಕಿಂತ ಸ್ವಲ್ಪ ಕಡಿಮೆ ಎಂದರು ಮಕ್ಕಳು. ಹೊರಗೆ ಮೇಷ್ಟ್ರು ತಲೆಯಾಡಿಸಿ ಗೀಚಿಕೊಂಡರು.

ಬೆಲ್ ಹೊಡೆದು ಮಕ್ಕಳು ಓಡಿದ್ದೇ ತಡ, ಅವಳು ಕೈ ಚಾಚಿದಳು. "ಕೊಡಿ ಆ ಪುಸ್ತಕ. ನನ್ನ ಮೇಲೆ ಏನೇನು ಬರೆದಿದ್ದೀರಿ, ನೋಡ್ತೀನಿ."

ಮೇಷ್ಟ್ರ ಕಿವಿ ಕೆಂಪಾಯಿತು. ಆದರೂ ಕೊಟ್ಟರು.

ದೂರು ಒಂದೂ ಇರಲಿಲ್ಲ. ಅವಳ ಲೆಕ್ಕಗಳೇ ಇದ್ದವು, ತಪ್ಪಿ, ಹೊಡೆದುಹಾಕಿ, ಮತ್ತೆ ಮಾಡಿದ್ದು. ಅವಳು ಅಷ್ಟು ಸುಲಭಕ್ಕೆ ನಂಬುವವಳಲ್ಲ, ಹೆಡ್‌ಮಿಸ್ ಸಹಿ ಇದೆಯೇ ಎಂದು ಹುಡುಕಿದಳು. ಸಿಕ್ಕಿದ್ದು ಕೊನೆಯ ಪುಟ.

'ನನ್ನ ಬಾಗಿಲಿಂದ ಅವರ ಬಾಗಿಲಿಗೆ 29 ಹೆಜ್ಜೆ. ನನ್ನ ಧೈರ್ಯ ದಿನಕ್ಕೆ ನಾಲ್ಕೇ ಹೆಜ್ಜೆ. 28 ಅಂದುಕೊಂಡರೆ ಏಳು ದಿನ. ಉತ್ತರ: ಏಳಕ್ಕಿಂತ ಸ್ವಲ್ಪ ಜಾಸ್ತಿ.'

ಅವಳು ಎರಡು ಸಲ ಓದಿದಳು. ಕಣ್ಣೆತ್ತಲು ನಾಚಿಕೆಯಾಯಿತು.

"ಚಿಕ್ಕಂದಿನಿಂದ ಭಾಗಾಕಾರ ಅಂದ್ರೆ ನನಗೆ ಕೈಕಾಲು ನಡುಗ್ತಿತ್ತು," ಎಂದರು ಮೇಷ್ಟ್ರು. "ನಿಮ್ಮಿಂದ ಬಂತು. ಹೆಡ್‌ಮಿಸ್‌ಗೆ ಇದನ್ನೇ ತೋರಿಸ್ತೀನಿ. ನನ್ನಂಥವನಿಗೇ ಬಂದಿದ್ದು ಮಕ್ಕಳಿಗೆ ಬರಲ್ವಾ ಅಂತ ಕೇಳ್ತೀನಿ."

"ಕೊನೇ ಪುಟ ಹರಿದಿಟ್ಟು ತೋರಿಸಿ." ಅವಳು ನಗು ತಡೆದುಕೊಂಡಳು. "ಏಳು ದಿನ ನಿನ್ನೆಗೇ ಮುಗೀತಲ್ಲ, ಯಾಕೆ ಇನ್ನೂ ಅಲ್ಲೇ ನಿಂತಿದ್ದೀರಿ?"

"ಒಂದು ಹೆಜ್ಜೆ ಉಳಿದುಬಿಡ್ತು. ಅದಕ್ಕೆ ಧೈರ್ಯ ಸಾಲ್ತಿಲ್ಲ."

ಅಂದಾಜು ಮಾಡುವಾಗ ಉಳಿದದ್ದರ ಚಿಂತೆ ಬೇಡ ಎಂದು ಅವಳು ಮಕ್ಕಳಿಗೆ ದಿನಾ ಹೇಳುತ್ತಿದ್ದಳು. ಇವತ್ತು ಮಾತ್ರ ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಹೊಸ್ತಿಲು ದಾಟಿ, ಉಳಿದ ಆ ಒಂದು ಹೆಜ್ಜೆಯನ್ನು ಅವಳೇ ಇಟ್ಟಳು.