ಕೊನೆಯ ಹಾಡಿನ ಉಸಿರು

ವಿಮರ್ಶಕಿ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ಅವನು ನೆಲದ ಮೇಲೆ ಕುಳಿತು ಮೈಕಿನ ಕೇಬಲ್ ಸುತ್ತುತ್ತಿದ್ದ. ತಲೆ ಎತ್ತಿ ನೋಡಿದ. ಕೈಯಲ್ಲಿದ್ದ ಕೇಬಲ್ ಗಂಟಾಯಿತು. ಇಷ್ಟು ವರ್ಷದ ರೆಕಾರ್ಡಿಂಗ್ ಕಸುಬಿನಲ್ಲಿ ಅವನ ಕೈಯ ಕೇಬಲ್ ಗಂಟಾದದ್ದನ್ನು ಕಂಡವರಿಲ್ಲ.

"ಏನ್ ಮೌನಿಗಳೇ, ಒಳಗೆ ಬರಬಹುದಾ? ಇಲ್ಲಾ ನೀವೂ ನನ್ಗೆ ಅಂತ ಕಲ್ಲು ಆರಿಸಿಟ್ಕೊಂಡಿದೀರಾ?"

ಮಾತು ಕಡಿಮೆ ಎಂದು ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಅವಳೊಬ್ಬಳು ಮಾತ್ರ ಅದಕ್ಕೊಂದು 'ಗಳು' ಸೇರಿಸಿ, ತುಟಿಯ ಅಂಚಿನಲ್ಲಿ ನಕ್ಕು ಕರೆಯುತ್ತಿದ್ದಳು. ಇವತ್ತು ಆ ನಗು ಕಾಣಲಿಲ್ಲ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು ಮಾತ್ರ ಇತ್ತು.

ಅವಳು ಹೋಗಿ ಮೂಲೆಯ ಕುರ್ಚಿಯಲ್ಲಿ ಕುಳಿತಳು. ಕೈ ಇಡುವ ಜಾಗ ಹರಿದು ಒಳಗಿನ ಸ್ಪಂಜು ಇಣುಕುವ ಕುರ್ಚಿ. ಪತ್ರಿಕೆಯ ಸಂದರ್ಶನಕ್ಕೆಂದು ಬಂದಾಗಲೆಲ್ಲ ಅವಳಿಗೆ ಅದೇ ಆಗಬೇಕು. ಹೊಸದು ತರಿಸೋಣವೆಂದು ಮಾಲೀಕರು ಅಂದಾಗಲೆಲ್ಲ "ಇರಲಿ ಬಿಡಿ ಸಾರ್" ಎಂದು ತಪ್ಪಿಸಿದವನು ಮೌನಿ. ಯಾಕೆಂದು ಅವರು ಕೇಳಲಿಲ್ಲ, ಇವನು ಹೇಳುವ ಪೈಕಿಯೂ ಅಲ್ಲ.

ಊರೆಲ್ಲ ಕಿತ್ತಾಡುತ್ತಿದ್ದ ಆಲ್ಬಂ ಹುಟ್ಟಿದ್ದು ಈ ಕೋಣೆಯಲ್ಲೇ. ನಾಲ್ಕು ಹೆಸರಾಂತ ರಾಕ್ ಬ್ಯಾಂಡುಗಳಿಂದ ನಾಲ್ವರು ಹೊರಬಂದು ಒಂದು ಮಹಾ ಬ್ಯಾಂಡು ಕಟ್ಟಿದ್ದರು. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ ಎನ್ನುತ್ತಾರೆ. ಕಂಪನಿಯವರು ನಾಲ್ಕು ತುರುಕಿದ್ದರು. ವರ್ಷವಿಡೀ ಅವರು ಒಮ್ಮೆಯೂ ಒಟ್ಟಿಗೆ ಕುಳಿತು ನುಡಿಸಲಿಲ್ಲ. ಡ್ರಮ್ಮಿನವನು ಬೆಳಿಗ್ಗೆ ಬಂದರೆ ಗಿಟಾರಿನವನು ಸಂಜೆ. ಬಂದವರೆಲ್ಲ ಮೌನಿಯ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು, "ನಂದು ಸ್ವಲ್ಪ ಜಾಸ್ತಿ ಮಾಡಪ್ಪಾ." ಅವರ ತುಂಡುಗಳನ್ನೆಲ್ಲ ಹೊಲಿದು ಹಾಡು ಮಾಡಿ ಮಾಡಿ ಅವನಿಗೆ ಯಾವ ಹಾಡೂ ಬೇಡ ಅನಿಸಿಬಿಟ್ಟಿತ್ತು.

ಬಿಡುಗಡೆಗೆ ಮುಂಚೆ ಪತ್ರಿಕೆಯವರಿಗೆಲ್ಲ ಕೇಳಲು ಲಿಂಕ್ ಹೋಯಿತು. ಹೆಚ್ಚಿನವರು ಮೊದಲೆರಡು ಹಾಡು ಕೇಳಿ, ಕಂಪನಿಯ ಕಾಫಿ ಕುಡಿದು, ಯುಗಕ್ಕೊಂದು ಆಲ್ಬಂ ಎಂದು ಬರೆದರು. ಕೊನೆಯ ತನಕ ಕೇಳಿದವಳು ಇವಳೊಬ್ಬಳೇ. ನಾಲ್ವರು ಒಂದೇ ಮೆಟ್ಟಿಲಲ್ಲಿ ಮುಖ ನೋಡದೆ ದಾಟಿಹೋದ ಹಾಗಿದೆ ಎಂದು ಬರೆದಳು. ಅಷ್ಟಕ್ಕೇ ಬಿಟ್ಟಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಕೊನೆಗೆ ಇನ್ನೊಂದು ಮಾತು ಸೇರಿಸಿದ್ದಳು: "ಕೊನೆಯ ಹಾಡನ್ನು ಗಾಯಕ ದಣಿದು ಮನೆಗೆ ಬಂದವನ ಹಾಗೆ ಹಾಡಿದ್ದಾನೆ. ಮೂರನೇ ಸಾಲಿಗೆ ಮುಂಚೆ, ಹೊತ್ತ ಚೀಲ ಕೆಳಗಿಡುವವನ ಉಸಿರೊಂದು ಕೇಳಿಸುತ್ತದೆ. ಆ ಉಸಿರಿಗಾಗಿ ಇಡೀ ಆಲ್ಬಮ್ಮನ್ನು ಕ್ಷಮಿಸಿದ್ದೇನೆ."

ಬಿಡುಗಡೆಯಾದ ಆಲ್ಬಮ್ಮಿನಲ್ಲಿ ಆ ಉಸಿರು ಇರಲಿಲ್ಲ. ಗಾಯಕ ಮೊದಲ ಸಾಲಿನಿಂದಲೇ ಬೀದಿಯವರೆಲ್ಲ ಎದ್ದು ಬರುವ ಹಾಗೆ ಕಿರುಚಿದ್ದ. ಅಭಿಮಾನಿಗಳಿಗೆ ಇನ್ನೇನು ಬೇಕು? ಇವಳಿಗೆ ಕಿವಿಯೇ ಇಲ್ಲ ಎಂದರು, ಕೇಳದೆಯೇ ಬರೆದಿದ್ದಾಳೆ ಎಂದರು. ಜಗಳವೂ ಪ್ರಚಾರವೇ ಎಂದು ಕಂಪನಿಯವರು ಮಾತ್ರ ಅವಳ ಕೊನೆಯ ವಾಕ್ಯವನ್ನು ಪೋಸ್ಟರಿಗೆ ಹಾಕಿಕೊಂಡರು.

ನಡೆದದ್ದೇನೆಂದು ಮೌನಿಗೆ ಗೊತ್ತಿತ್ತು. ಗಾಯಕ ತಿಂಗಳುಗಟ್ಟಲೆ ಬಾರದೇ ಹೋದಾಗ, ಉಳಿದವರಿಗೆ ಎಲ್ಲಿ ಯಾವ ಸಾಲು ಬರುತ್ತದೆಂದು ತಿಳಿಯಲಿ ಅಂತ ಅವನೇ ಒಂದು ಗೈಡ್ ದನಿ ಹಾಡಿಟ್ಟಿದ್ದ. ಕಟ್ಟಡಕ್ಕೆ ಕಟ್ಟುವ ಸಾರುವೆ ಇದ್ದ ಹಾಗೆ ಅದು, ಕೆಲಸ ಮುಗಿದ ಮೇಲೆ ಬಿಚ್ಚಿಹಾಕುವಂಥದು. ಲಿಂಕ್ ಕಳಿಸುವ ದಿನ ಕಂಪನಿಯವರು ತಲೆಯ ಮೇಲೆ ಕುಳಿತಿದ್ದರು. ನಿದ್ದೆಗೆ ಕಣ್ಣು ಎಳೆಯುತ್ತಿದ್ದ ಅವನು ತನ್ನ ಗೈಡ್ ದನಿಯೇ ಇದ್ದ ಹಳೆಯ ಮಿಕ್ಸನ್ನು ಕಳಿಸಿಬಿಟ್ಟ.

ತಪ್ಪು ಗೊತ್ತಾದೊಡನೆ ಬ್ಯಾಂಡಿನ ಮ್ಯಾನೇಜರನಿಗೆ ಹೇಳಿದ್ದ. "ಬಾಯಿ ಹೊಲ್ಕೊಂಡಿರು. ಇದು ಹೊರಗೆ ಬಿದ್ರೆ ಅವ್ರ ಮಾನ ಹೋಗತ್ತೆ, ನಿನ್ನ ಕೆಲಸ ಹೋಗತ್ತೆ," ಎಂದಿದ್ದ ಅವನು. ಅಂದಿನಿಂದ ಮೌನಿಗೆ ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಅಕ್ಕ. ಎತ್ತುವಾಗ ಬೆರಳು ತಾಗಿ ಸ್ಪೀಕರ್ ಆನ್ ಆಯಿತು.

"ಲೋ ತಮ್ಮಾ, ಆ ವಿಮರ್ಶಕಿ ಬರ್ದಿದ್ದು ನೋಡಿದ್ಯೇನೋ? ನಮ್ಮ ಗಾಯಕನ ಬಗ್ಗೆ ಹಂಗಾ ಬರಿಯೋದು! ನಾನೂ ಬಿಡ್ಲಿಲ್ಲ, 'ಮೊದ್ಲು ಕಿವಿಲಿರೋ ಹತ್ತಿ ತೆಗಿಯಮ್ಮಾ' ಅಂತ ಕಾಮೆಂಟ್ ಹಾಕಿದೀನಿ!"

"ಅಕ್ಕಾ, ಆಮೇಲೆ ಮಾಡ್ತೀನಿ," ಎಂದು ಅವನು ಇಟ್ಟುಬಿಟ್ಟ. ಕಿವಿಯ ತುದಿ ಕೆಂಪಾಗಿತ್ತು.

"ಓ, ಆ ಹತ್ತಿ ನಿಮ್ಮ ಮನೇದಾ?" ಅವಳು ಕಣ್ಣರಳಿಸಿದಳು. "ಎಲ್ಲರಿಗಿಂತ ಜಾಸ್ತಿ ಲೈಕ್ ಬಂದಿರೋದು ಅದಕ್ಕೇ."

ಒಂದು ಗಳಿಗೆ ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವಳು ಕುರ್ಚಿಗೆ ತಲೆ ಒರಗಿಸಿದಳು.

"ಸಂಪಾದಕರು ಕ್ಷಮಾಪಣೆ ಬರಿ ಅಂದಿದಾರೆ. 'ಸರಿಯಾಗಿ ಕೇಳ್ದೆ ಬರ್ದೆ' ಅಂತ. ಇಲ್ಲಾಂದ್ರೆ ಅಂಕಣ ಬೇರೆಯವರಿಗೆ. ಲಿಂಕ್ ಬೇರೆ ಬಿಡುಗಡೆ ದಿನಾನೇ ಮಾಯ ಆಯ್ತು, ತೋರಿಸೋಕೆ ನನ್ನ ಹತ್ರ ಏನೂ ಇಲ್ಲ." ಅವಳ ಬೆರಳು ಹೊರಬಂದ ಸ್ಪಂಜನ್ನು ಒಳಗೆ ತಳ್ಳುತ್ತಿತ್ತು. "ಬೈಗುಳ ಬಿಡಿ, ಅಭ್ಯಾಸ ಆಗಿದೆ. ಆದ್ರೆ ನಿಜವಾಗ್ಲೂ ಕೇಳಿದ್ನಾ, ಇಲ್ಲಾ ಸುಸ್ತಲ್ಲಿ ನಾನೇ ಕಲ್ಪಿಸ್ಕೊಂಡ್ನಾ ಅಂತ ಈಗ ನನಗೇ ಅನುಮಾನ. ಬರ್ದುಕೊಟ್ಟು, ಈ ಕೆಲಸಾನೇ ಬಿಟ್ಬಿಡ್ತೀನಿ. ಕಿವಿ ನಂಬೋಕಾಗ್ದೇ ಇರೋಳು ಏನು ವಿಮರ್ಶೆ ಬರೀತಾಳೆ?"

ಇಷ್ಟು ವರ್ಷ ಮೌನಿಯ ಕೆಲಸವನ್ನು ನಿಜವಾಗಿ ಕೇಳಿಸಿಕೊಂಡಿದ್ದು ಈ ಎರಡು ಕಿವಿಗಳು ಮಾತ್ರ. ಅವು ಸುಳ್ಳೆಂದು ಅವಳೇ ಬರೆದುಕೊಡುತ್ತಾಳೆ. ಇವನು ಕೇಬಲ್ ಸುತ್ತುತ್ತಾ ಕೂರಬೇಕು.

ಹೇಳಲೆಂದು ಬಾಯಿ ತೆರೆದ. ಎದೆಯಿಂದ ಒಂದು ಉಸಿರು ಮಾತ್ರ ಇಳಿದು ಹೊರಗೆ ಬಂತು.

ಅವಳ ಬೆರಳು ಸ್ಪಂಜಿನ ಮೇಲೇ ನಿಂತಿತು.

"ಇನ್ನೊಂದ್ಸಲ," ಎಂದಳು ಮೆಲ್ಲಗೆ.

"ಏನು?"

"ಕಿವಿಗೆ ಹೂವಿಡಬೇಡಿ ಮೌನಿಗಳೇ. ಆ ಉಸಿರು." ಅವಳು ಮುಂದಕ್ಕೆ ಬಾಗಿ, ಮೊದಲ ಸಲ ನೋಡುವವಳಂತೆ ಅವನ ಮುಖವನ್ನೇ ನೋಡಿದಳು. "ನೀವಾ?"

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ ಎಲ್ಲವನ್ನೂ ಹೇಳಿದ. ಗೈಡ್ ದನಿ, ಹಳೇ ಮಿಕ್ಸು, ಮ್ಯಾನೇಜರು. ಒಂದು ವರ್ಷಕ್ಕಾಗುವಷ್ಟು ಮಾತು ಒಂದೇ ಸಲಕ್ಕೆ ಬಂದುಹೋಯಿತು.

"ಮೊದಲೇ ಹೇಳ್ಬೇಕಿತ್ತು. ಹೆದರಿಕೆ ಆಯ್ತು," ಎಂದ. "ಆ ಮಿಕ್ಸು ಇನ್ನೂ ನನ್ನ ಹತ್ರಾನೇ ಇದೆ. ಸಂಪಾದಕರಿಗೆ ಕೇಳಿಸಿ. ನಾನೇ ಹಾಡಿದ್ದು ಅಂತಾನೇ ಬರೀರಿ."

"ಕೆಲಸ ಹೋಗತ್ತಲ್ಲ?"

"ಹೋಗ್ಲಿ. ಕೇಬಲ್ ಸುತ್ತೋಕೆ ಇನ್ನೊಂದು ಸ್ಟುಡಿಯೋ ಸಿಗತ್ತೆ ಮೇಡಂ. ನಿಮ್ಮಂಥ ಕಿವಿ ಸಿಗಲ್ಲ."

ಅವಳು ಚೀಲವನ್ನು ಮಡಿಲಿಗೆಳೆದುಕೊಂಡಳು. ಆಮೇಲೆ ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಿದಳು, ಗಟ್ಟಿಯಾಗಿ ಓದಿಕೊಳ್ಳುತ್ತಾ: "ಕ್ಷಮಿಸಿ. ನಾನು ಹೊಗಳಿದ ದನಿ ನಿಮ್ಮ ಆಲ್ಬಮ್ಮಿನಲ್ಲಿಲ್ಲ. ಅದರ ಒಡೆಯರು ಸದ್ಯ ನನ್ನೆದುರು ಕುಳಿತು ಕೇಬಲ್ಲಿನ ಗಂಟು ಬಿಡಿಸುತ್ತಿದ್ದಾರೆ." ತುಟಿಯ ಅಂಚಿನಲ್ಲಿ ಹಳೆಯ ನಗು ಮರಳಿತ್ತು. "ನಿಮ್ಮಕ್ಕನಿಗೆ ಏನ್ ಹೇಳ್ತೀರಿ?"

"ಕಿವಿಲಿರೋ ಹತ್ತಿ ತೆಗಿಯಮ್ಮಾ ಅಂತ."

ಅವಳು ಜೋರಾಗಿ ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು ಕೇಳಿದಳು, "ಸಾಲು ತೋರಿಸೋಕೆ ಹಾಡೋರು ಯಾರೂ ಹಂಗೆ ಹಾಡಲ್ಲ. ಯಾರಿಗೆ ಅಂತ ಹಾಡಿದ್ರಿ?"

"ಎದುರಿಗೆ ಯಾರೂ ಇರ್ಲಿಲ್ಲ." ಅವನು ಗಂಟಿನಿಂದ ಕಣ್ಣೆತ್ತಲಿಲ್ಲ. "ಆ ಕುರ್ಚಿ ಇತ್ತು. ನೀವು ಬಂದು ತುಂಬಾ ದಿನ ಆಗಿತ್ತು."

ಅವಳು ತಾನು ಕುಳಿತ ಕುರ್ಚಿಯನ್ನು ನೋಡಿಕೊಂಡಳು, ಹರಿದ ಕೈಯನ್ನು, ಎಷ್ಟು ತಳ್ಳಿದರೂ ಹೊರಗೆ ಬರುವ ಸ್ಪಂಜನ್ನು. ಎದ್ದು ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಇಬ್ಬರ ಭುಜಗಳು ತಾಗಿದವು. ಇಬ್ಬರಿಗೂ ಸರಿದು ಕೂರುವಷ್ಟು ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ.

"ಹಾಡಿ," ಎಂದಳು. "ಮೈಕ್ ಬೇಡ."

ಅವನು ಹಾಡಿದ. ದನಿ ಮೊದಲು ನಡುಗಿತು, ಆಮೇಲೆ ದಾರಿ ಹಿಡಿಯಿತು. ಮೂರನೇ ಸಾಲು ಬರುವ ಮೊದಲೇ ಅವಳು ಅವನ ಕೈಯಿಂದ ಕೇಬಲ್ ತೆಗೆದು ಕೆಳಗಿಟ್ಟಳು.